ಅಂಗಡಿ ಯಾರ ಕೈಗೆ? ಗಡಿನಾಡಿನ ಸಣ್ಣ ವ್ಯಾಪಾರಿಗಳು ಬದುಕಿರುವಾಗಲೇ ಮಾಡಿಡಬೇಕಾದ ಲೆಕ್ಕ

ಉಪ್ಪ ತೀರಿಕೊಂಡ ನಾಲ್ಕನೇ ದಿನವೋ ಐದನೇ ದಿನವೋ ಅಂಗಡಿಯ ಶಟರ್ ಮತ್ತೆ ಮೇಲೇರುತ್ತದೆ. ಹತ್ತು ಹದಿನೈದು ವರ್ಷದಿಂದ ಜೊತೆಗೆ ನಿಂತಿದ್ದ ಮಗನೇ ಗಲ್ಲಾಪೆಟ್ಟಿಗೆಯ ಹತ್ತಿರ ಕೂತುಕೊಳ್ಳುತ್ತಾನೆ. ಗಿರಾಕಿಗಳಿಗೆ ವ್ಯತ್ಯಾಸ ಕಾಣುವುದಿಲ್ಲ. ತಿಂಗಳು ಕಳೆಯುವಾಗ ಒಂದೊಂದೇ ತೊಡಕು ಶುರುವಾಗುತ್ತದೆ. ಕ್ಯೂಆರ್ ಕೋಡ್‌ಗೆ ಬಿದ್ದ ಹಣ ಉಪ್ಪನ ಖಾತೆಗೆ ಹೋಗಿ ಅಲ್ಲೇ ನಿಂತಿರುತ್ತದೆ. ಜಿಎಸ್‌ಟಿ ರಿಟರ್ನ್ ಹಾಕಲು ಹೋದರೆ ಒಟಿಪಿ ತೀರಿಕೊಂಡವರ ಮೊಬೈಲ್‌ಗೆ ಬರುತ್ತದೆ. ಮಂಗಳೂರು ಬಂದರಿನ ಹೋಲ್‌ಸೇಲ್‌ನವರು 'ಹಳೇ ಬಾಕಿ ಯಾರು ಕೊಡುವುದು' ಅಂತ ಕೇಳುತ್ತಾರೆ. ವರ್ಷ ತುಂಬುವ ಹೊತ್ತಿಗೆ ತಂಗಿಯ ಮನೆಯಿಂದಲೋ ಗಲ್ಫ್‌ನಲ್ಲಿರುವ ಅಣ್ಣನಿಂದಲೋ ಮತ್ತೊಂದು ಮಾತು ಬರುತ್ತದೆ: ಅಂಗಡಿಯಲ್ಲಿ ನಮ್ಮ ಪಾಲು ಎಷ್ಟು?

ತಲಪಾಡಿಯಿಂದ ಮಂಜೇಶ್ವರ, ಹೊಸಂಗಡಿ, ಉಪ್ಪಳ, ಕುಂಬಳೆ, ಕಾಸರಗೋಡಿನ ತನಕ ಬ್ಯಾರಿಗಳ ಸಣ್ಣ ಅಂಗಡಿಗಳಲ್ಲಿ ಹೆಚ್ಚಿನವು ಒಬ್ಬರ ಹೆಸರಲ್ಲಿವೆ, ದುಡಿಯುವವರು ಮಾತ್ರ ಮನೆಯವರೆಲ್ಲ. ದಿನಸಿ, ಬಟ್ಟೆ, ಹಾರ್ಡ್‌ವೇರ್, ಬೇಕರಿ, ಮೀನು, ಮೊಬೈಲ್, ಯಾವುದೇ ಆಗಲಿ, ಯಜಮಾನ ಹೋದ ಮೇಲೆ ಬರುವ ಪ್ರಶ್ನೆಗಳು ಒಂದೇ. ಅವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಬರೆದಿಡಬಹುದಾದದ್ದು ಯಜಮಾನ ಬದುಕಿರುವಾಗ ಮಾತ್ರ.

ಮೊದಲು, ಅಂಗಡಿ ಯಾರದ್ದು?

'ನಮ್ಮ ಅಂಗಡಿ' ಎಂಬ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಒಬ್ಬರ ಹೆಸರಿನ ಮಾಲೀಕತ್ವದಲ್ಲಿ ಅಂಗಡಿಗೆ ಪ್ರತ್ಯೇಕ ಅಸ್ತಿತ್ವ ಇಲ್ಲ. ಸರಕು, ಸಾಲ, ಬಾಡಿಗೆ ಅಡ್ವಾನ್ಸ್, ಎಲ್ಲವೂ ಆ ವ್ಯಕ್ತಿಯದ್ದೇ. ಆತ ತೀರಿಕೊಂಡ ಕ್ಷಣದಿಂದ ಅದು ಎಲ್ಲ ವಾರಸುದಾರರ ಪಾಲಿನ ಆಸ್ತಿ. ಹಿಂದೂ ಕುಟುಂಬಗಳಲ್ಲಿರುವ ಅವಿಭಕ್ತ ಕುಟುಂಬದ ವ್ಯವಸ್ಥೆ, ಲೆಕ್ಕಪತ್ರದವರು ಎಚ್‌ಯುಎಫ್ ಅನ್ನುತ್ತಾರಲ್ಲ, ಅದು ಮುಸ್ಲಿಮರಿಗೆ ಇಲ್ಲ. ಒಂದೇ ಮನೆ, ಒಂದೇ ಅಡುಗೆ ಆದರೂ ಪಾಲು ಬೇರೆ ಬೇರೆ. ಮಗ ಹುಟ್ಟಿನಿಂದ ಅಂಗಡಿಯ ಪಾಲುದಾರ ಅಲ್ಲ. ಹದಿನೈದು ವರ್ಷ ದುಡಿದರೂ, ಬರಹದಲ್ಲಿ ಏನೂ ಇಲ್ಲದಿದ್ದರೆ, ಆತ ಒಬ್ಬ ವಾರಸುದಾರ ಮಾತ್ರ.

ಗಲ್ಫ್ ದುಡ್ಡಿನ ಅಂಗಡಿಗಳ ಕಥೆ ಇನ್ನೂ ಗೋಜಲು. ದುಬೈಯಿಂದ ಅಣ್ಣ ಹತ್ತು ಲಕ್ಷ ಕಳಿಸಿದ, ಊರಲ್ಲಿ ತಮ್ಮ ಅಂಗಡಿ ಹಾಕಿದ, ಲೈಸೆನ್ಸ್ ತಮ್ಮನ ಹೆಸರಲ್ಲಿ. ಆ ಹತ್ತು ಲಕ್ಷ ಸಾಲವೋ, ಪಾಲು ಬಂಡವಾಳವೋ, ಅಣ್ಣ ತಮ್ಮನಿಗೆ ಕೊಟ್ಟ ಉಡುಗೊರೆಯೋ? ಇಬ್ಬರೂ ಇರುವಾಗ ಕೇಳುವುದೇ ಸಂಕೋಚ. ಇಬ್ಬರಲ್ಲಿ ಒಬ್ಬ ಹೋದರೆ ಅವರ ಹೆಂಡತಿ ಮಕ್ಕಳು ಪರಸ್ಪರ ಮುಖ ನೋಡದ ಸ್ಥಿತಿಗೆ ಬರುತ್ತಾರೆ. ಒಂದು ಪುಟದ ಕರಾರು ಸಾಕು: ಎಷ್ಟು ಹಣ, ಯಾವ ದಿನ, ಬ್ಯಾಂಕ್ ಮೂಲಕ ಯಾವ ಖಾತೆಗೆ, ಸಾಲವಾದರೆ ಯಾವಾಗ ವಾಪಸ್, ಪಾಲಾದರೆ ಲಾಭದಲ್ಲೂ ನಷ್ಟದಲ್ಲೂ ಎಷ್ಟು. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ ಎಂಬ ಮುದಾರಬಾ ಪದ್ಧತಿ ನಮ್ಮವರಿಗೆ ಹೊಸತೇನಲ್ಲ. ಅದನ್ನು ಕಾಗದಕ್ಕೆ ಇಳಿಸುವ ಅಭ್ಯಾಸ ಮಾತ್ರ ಕಮ್ಮಿ. ಹಾಗೆಯೇ ತನ್ನ ಹಣದಿಂದ ಇನ್ನೊಬ್ಬರ ಹೆಸರಲ್ಲಿ ಕಟ್ಟಡ, ಜಾಗ ಮಾಡಿಸಿದರೆ 1988ರ ಬೇನಾಮಿ ನಿಷೇಧ ಕಾಯ್ದೆಯೂ ಅಡ್ಡ ಬರಬಹುದು.

24 ಲಕ್ಷದ ಅಂಗಡಿ, 7 ಲಕ್ಷದ ಮಗ

ಒಂದು ಉದಾಹರಣೆ ಹಿಡಿದು ನೋಡೋಣ. ಉಪ್ಪಳದಲ್ಲಿ ಬಾಡಿಗೆ ಕಟ್ಟಡದ ಒಂದು ದಿನಸಿ ಅಂಗಡಿ ಎಂದಿಟ್ಟುಕೊಳ್ಳಿ. ಸರಕು 22 ಲಕ್ಷ, ಬಾಡಿಗೆ ಅಡ್ವಾನ್ಸ್ 3 ಲಕ್ಷ, ವಸೂಲಾಗುವಂಥ ಉದ್ರಿ 4 ಲಕ್ಷ, ಬ್ಯಾಂಕಿನಲ್ಲಿ 2 ಲಕ್ಷ, ಫ್ರಿಜ್ ರ‍್ಯಾಕ್ ತಕ್ಕಡಿ ಎಲ್ಲ ಸೇರಿ 2 ಲಕ್ಷ. ಒಟ್ಟು 33 ಲಕ್ಷ. ಕೊಡಬೇಕಾದದ್ದು: ಹೋಲ್‌ಸೇಲ್‌ನವರಿಗೆ ಏಳೂವರೆ ಲಕ್ಷ, ಕೆಲಸದವರ ಬಾಕಿ 50 ಸಾವಿರ, ಇನ್ನೂ ಕೊಟ್ಟಿರದ ಮಹರ್ 1 ಲಕ್ಷ. ಮಹರ್ ಕೂಡ ಸಾಲವೇ, ಹೆಂಡತಿಗೆ ಪಾಲಿನ ಜೊತೆಗೆ ಅದೂ ಸಲ್ಲಬೇಕು. ಮರಣದ ಖರ್ಚು ಬೇರೆ ಹಣದಿಂದ ಆಯಿತು, ವಸಿಯತ್ ಇಲ್ಲ ಎಂದುಕೊಂಡರೆ ಉಳಿದದ್ದು 24 ಲಕ್ಷ.

ಹೆಂಡತಿ, ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳು. ತಂದೆ ತಾಯಿ ಮೊದಲೇ ತೀರಿಕೊಂಡಿದ್ದಾರೆ. ಮಕ್ಕಳಿರುವುದರಿಂದ ಹೆಂಡತಿಗೆ ಎಂಟನೇ ಒಂದು, ಅಂದರೆ 3 ಲಕ್ಷ. ಉಳಿದ 21 ಲಕ್ಷದಲ್ಲಿ ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು ಪಾಲು. ಗಂಡುಮಕ್ಕಳಿಗೆ ತಲಾ 7 ಲಕ್ಷ, ಹೆಣ್ಣುಮಕ್ಕಳಿಗೆ ತಲಾ ಮೂರೂವರೆ ಲಕ್ಷ. ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ ಆರನೇ ಒಂದು ಇದೆ, ಲೆಕ್ಕ ಪೂರಾ ಬದಲಾಗುತ್ತದೆ.

ಈಗ ಅಂಗಡಿಯಲ್ಲೇ ಬೆಳೆದ ಚಿಕ್ಕ ಮಗನ ಸ್ಥಿತಿ ನೋಡಿ. ಅವನ ಪಾಲು 7 ಲಕ್ಷ. ಅಂಗಡಿಯನ್ನು ಪೂರ್ತಿ ತನ್ನದಾಗಿ ಉಳಿಸಿಕೊಳ್ಳಬೇಕಾದರೆ ಉಳಿದವರಿಗೆ 17 ಲಕ್ಷ ಕೊಡಬೇಕು. ಕೈಯಲ್ಲಿ ಅಷ್ಟು ಹಣ ಇಲ್ಲ, ಇರುವುದು ಅಕ್ಕಿ ಮೂಟೆ ಮತ್ತು ಎಣ್ಣೆ ಡಬ್ಬ. ದೊಡ್ಡ ಮಗ ಅಬುಧಾಬಿಯಲ್ಲಿದ್ದಾನೆ, ಅಂಗಡಿಗೆ ಒಂದು ದಿನ ಕೂತವನಲ್ಲ, ಅವನದ್ದೂ 7 ಲಕ್ಷ. ಚಿಕ್ಕವನಿಗೆ ಹೊಟ್ಟೆ ಉರಿಯುವುದು ಸಹಜ. ಆ ಸಂಕಟ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಪಾಲಿನ ಮೇಲೆ. 'ಅವರಿಗೆ ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆಯಲ್ಲ' ಎಂಬ ಮಾತು ಎಲ್ಲ ಮನೆಯಲ್ಲೂ ಕೇಳಿಬರುತ್ತದೆ. ಮದುವೆಗೆ ಕೊಟ್ಟ ಚಿನ್ನವನ್ನು ಮೀರಾಸಿನಿಂದ ಕಳೆಯುವ ನಿಯಮ ಶರೀಅತ್‌ನಲ್ಲೂ ಇಲ್ಲ, 1937ರ ಶರೀಅತ್ ಅನ್ವಯ ಕಾಯ್ದೆಯ ಪ್ರಕಾರ ತೀರ್ಪು ಕೊಡುವ ನಮ್ಮ ನ್ಯಾಯಾಲಯಗಳಲ್ಲೂ ಇಲ್ಲ.

ತಂದೆ ಇರುವಾಗಲೇ ಮಗಳಿಂದ 'ನನಗೆ ಪಾಲು ಬೇಡ' ಎಂದು ಬರೆಸಿಕೊಳ್ಳುವವರಿದ್ದಾರೆ. ಆ ಹೊತ್ತಿಗೆ ಆಕೆಗೆ ಪಾಲೇ ಹುಟ್ಟಿರುವುದಿಲ್ಲ, ಹುಟ್ಟದ್ದನ್ನು ಬಿಟ್ಟುಕೊಡುವ ಕಾಗದಕ್ಕೆ ಹೆಚ್ಚಿನ ಬೆಲೆ ಇಲ್ಲ. ಬದಲಿಗೆ ಹಣ ಪಡೆದು ಒಪ್ಪಿ ಬರೆದುಕೊಟ್ಟಿದ್ದರೆ ನ್ಯಾಯಾಲಯ ಬೇರೆ ರೀತಿ ನೋಡಬಹುದು. ಮರಣದ ನಂತರ, ಪಾಲಿನ ಬೆಲೆ ಎಷ್ಟೆಂದು ಗೊತ್ತಿದ್ದು, ಆಕೆ ಮನಸಾರೆ ಬಿಟ್ಟುಕೊಟ್ಟರೆ ಅದು ಆಕೆಯ ಹಕ್ಕು. ಲೆಕ್ಕವನ್ನೇ ತೋರಿಸದೆ ಸಹಿ ಕೇಳುವುದು ಹಾಗಲ್ಲ.

ಚಿಕ್ಕ ಮಗನ ದೂರಿನಲ್ಲೂ ನ್ಯಾಯ ಇದೆ, ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅವನ ದುಡಿಮೆಗೆ ಬೆಲೆ ಕಟ್ಟಬೇಕಾಗಿದ್ದವರು ಉಪ್ಪ. ಆಗ ಕಟ್ಟದ ಬೆಲೆಯನ್ನು ಆಮೇಲೆ ತಂಗಿಯರ ಪಾಲಿನಿಂದ ಕಟ್ಟಿಕೊಳ್ಳುವುದೇ ಜಗಳದ ಬೇರು.

ದುಡಿಯುವ ಮಗನಿಗೆ ಬದುಕಿರುವಾಗ ಏನು ಮಾಡಬಹುದು

ತೀರಾ ಸುಲಭದ ದಾರಿ ಸಂಬಳ. ಊಟ, ಬಟ್ಟೆ, ಬೈಕಿನ ಪೆಟ್ರೋಲು ಎಲ್ಲ ಅಂಗಡಿಯಿಂದ ಆಗುತ್ತದೆ ಎಂದು ಮಗನಿಗೆ ಸಂಬಳ ಕೊಡದಿರುವುದೇ ನಮ್ಮಲ್ಲಿ ರೂಢಿ. ಬೇರೆಯವರ ಅಂಗಡಿಯಲ್ಲಿ ಆ ಕೆಲಸಕ್ಕೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನು ತಿಂಗಳು ತಿಂಗಳು ಅವನ ಖಾತೆಗೆ ಹಾಕಿದರೆ ಹತ್ತು ವರ್ಷದಲ್ಲಿ ಅವನದ್ದೇ ಆದ ಬಂಡವಾಳ ಆಗುತ್ತದೆ. ನಾಳೆ ಬೇರೆಯವರ ಪಾಲು ಕೊಂಡುಕೊಳ್ಳಲು ಅದೇ ಹಣ. ಅಂಗಡಿಯ ಖರ್ಚಿನಲ್ಲೂ ಅದು ಲೆಕ್ಕಕ್ಕೆ ಬರುತ್ತದೆ.

ಎರಡನೇ ದಾರಿ ಪಾಲುದಾರಿಕೆ. 1932ರ ಪಾಲುದಾರಿಕೆ ಕಾಯ್ದೆಯಡಿ ಉಪ್ಪ, ಮಗ ಸೇರಿ ಡೀಡ್ ಮಾಡಿಸಿದರೆ ಮಗನ ಪಾಲು ಅವನದ್ದೇ, ಮೀರಾಸಿಗೆ ಬರುವುದು ಉಪ್ಪನ ಪಾಲು ಮಾತ್ರ. ಇಲ್ಲಿ ಒಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ಪಾಲುದಾರರು ಇಬ್ಬರೇ ಆಗಿದ್ದು ಒಬ್ಬರು ತೀರಿಕೊಂಡರೆ ಸಂಸ್ಥೆ ಅಲ್ಲಿಗೇ ಮುಗಿಯಿತು, ಒಬ್ಬನೇ ಉಳಿದರೆ ಪಾಲುದಾರಿಕೆ ಎಲ್ಲಿಂದ? 'ಸಂಸ್ಥೆ ಮುಂದುವರಿಯತಕ್ಕದ್ದು' ಎಂದು ಡೀಡಿನಲ್ಲಿ ಬರೆದಿದ್ದರೂ ಉಪಯೋಗ ಆಗದು. ಅದಕ್ಕಾಗಿ ಮೂರನೆಯವರು ಇರಲಿ, ಉಮ್ಮನೋ ಇನ್ನೊಬ್ಬ ಮಗನೋ ಮಗಳೋ. ಮೂವರಿದ್ದರೂ ಡೀಡಿನಲ್ಲಿ ಸ್ಪಷ್ಟವಾಗಿ ಬರೆಯಲೇಬೇಕು. ಏಕೆಂದರೆ ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರನ ಮರಣದೊಂದಿಗೆ ಸಂಸ್ಥೆ ವಿಸರ್ಜನೆ ಆಗುತ್ತದೆ ಎನ್ನುತ್ತದೆ ಕಾಯ್ದೆಯ 42ನೇ ಸೆಕ್ಷನ್.

ಟೈಪ್ ಮಾಡುವವರ ಕಂಪ್ಯೂಟರಿನಲ್ಲಿ ಸಿದ್ಧ ಇರುವ ಡೀಡಿಗೆ ಹೆಸರು ಬದಲಿಸಿ ಸಹಿ ಹಾಕುವುದು ಬೇಡ. ನಾಲ್ಕು ಮಾತು ನಿಮ್ಮ ಅಂಗಡಿಗೆ ತಕ್ಕಂತೆ ಕೇಳಿ ಬರೆಸಿ. ಒಬ್ಬರು ತೀರಿಕೊಂಡರೆ ಉಳಿದವರು ಮುಂದುವರಿಸುತ್ತಾರೆ ಎಂಬುದು ಒಂದು. ತೀರಿಕೊಂಡ ದಿನದ ಲೆಕ್ಕದ ಪ್ರಕಾರ ಅವರ ಪಾಲಿನ ಬೆಲೆ ಕಟ್ಟುವ ವಿಧಾನ, ಗುಡ್‌ವಿಲ್ ಸೇರಿಸಬೇಕೋ ಬೇಡವೋ. ಆ ಹಣವನ್ನು ವಾರಸುದಾರರಿಗೆ ಎಷ್ಟು ತಿಂಗಳ ಕಂತಿನಲ್ಲಿ ಕೊಡಬೇಕು. ಮತ್ತೆ, ಅಂಗಡಿಯಲ್ಲಿ ನಿಂತು ದುಡಿಯುವವರಿಗೆ ಲಾಭದ ಪಾಲಿನ ಮೇಲೆ ಸಂಬಳ ಉಂಟೋ. ಡೀಡಿನಲ್ಲಿ ಬರೆಯದಿದ್ದರೆ ಪಾಲುದಾರ ಸಂಬಳ ಕೇಳುವಂತಿಲ್ಲ.

ಲೆಕ್ಕ ತೀರಿಸದೆ ಉಳಿದವರು ವ್ಯಾಪಾರ ಮುಂದುವರಿಸಿದರೆ, ತೀರಿಕೊಂಡವರ ವಾರಸುದಾರರು ಆ ಬಂಡವಾಳಕ್ಕೆ ಸಲ್ಲುವ ಲಾಭವನ್ನಾದರೂ ವರ್ಷಕ್ಕೆ ಶೇ 6 ಬಡ್ಡಿಯನ್ನಾದರೂ ಕೇಳಬಹುದು, ಆಯ್ಕೆ ಅವರದ್ದು. ಇದು 37ನೇ ಸೆಕ್ಷನ್. ಬಡ್ಡಿ ಮುಟ್ಟದವರಿಗೆ ಲಾಭದ ಪಾಲಿನ ದಾರಿ ಕಾಯ್ದೆಯಲ್ಲೇ ಇರುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಡೀಡನ್ನು ನೋಂದಣಿ ಮಾಡಿಸುವುದು ಕಡ್ಡಾಯ ಅಲ್ಲ. ಆದರೆ ನೋಂದಣಿ ಆಗದ ಸಂಸ್ಥೆ ಬಾಕಿದಾರರ ಮೇಲೆ ದಾವೆ ಹಾಕಲು ಆಗುವುದಿಲ್ಲ, ಪಾಲುದಾರರು ಪರಸ್ಪರ ಕರಾರಿನ ಹಕ್ಕು ಕೇಳುವುದಕ್ಕೂ ತೊಡಕು. ಎಲ್‌ಎಲ್‌ಪಿ, ಕಂಪನಿ ಎಂಬ ದಾರಿಗಳೂ ಇವೆ. ವರ್ಷ ವರ್ಷದ ಕಾಗದಪತ್ರದ ಖರ್ಚು ನೋಡಿದರೆ ಒಂದು ಬಾಗಿಲಿನ ಅಂಗಡಿಗೆ ಅವು ಭಾರ.

ಮೂರನೆಯದು ಹಿಬಾ, ಅಂದರೆ ದಾನ. ಬದುಕಿರುವಾಗ ತನ್ನ ಆಸ್ತಿಯನ್ನು ಯಾರಿಗಾದರೂ ಎಷ್ಟಾದರೂ ಕೊಡಬಹುದು. ಮೂರು ಅಂಶ ಬೇಕು: ಕೊಟ್ಟೆ ಎನ್ನಬೇಕು, ಪಡೆದವನು ಒಪ್ಪಬೇಕು, ವಸ್ತು ಕೈಗೆ ಬರಬೇಕು. ಈ ಮೂರನೆಯದರಲ್ಲೇ ಅಂಗಡಿಯ ಹಿಬಾಗಳು ಎಡವುವುದು. 'ಅಂಗಡಿ ಮಗನಿಗೆ ಕೊಟ್ಟಿದ್ದೇನೆ' ಎಂದು ಕಾಗದ ಬರೆದು, ಲೈಸೆನ್ಸ್, ಜಿಎಸ್‌ಟಿ, ಬ್ಯಾಂಕ್ ಖಾತೆ ಎಲ್ಲ ಉಪ್ಪನ ಹೆಸರಲ್ಲೇ ಉಳಿದು, ಉಪ್ಪನೇ ಗಲ್ಲಾದಲ್ಲಿ ಕೂತಿದ್ದರೆ ಏನು ಕೊಟ್ಟ ಹಾಗಾಯಿತು? ದಾನ ನಿಜ ಎಂದು ತೋರಿಸುವುದು ಆ ಕಾಗದಗಳ ಹೆಸರು ಬದಲಾವಣೆಯೇ. ಕಟ್ಟಡ ಸ್ವಂತದ್ದಾದರೆ ಬಾಯಿಮಾತಿನ ಹಿಬಾ ಮುಸ್ಲಿಮರಲ್ಲಿ ಸಿಂಧು ಎಂಬುದು ಹೌದಾದರೂ, ವಿಲ್ಲೇಜ್ ಆಫೀಸಿನಲ್ಲಿ ಪೋಕ್ಕುವರವು ಆಗಬೇಕಾದರೆ ನೋಂದಾಯಿತ ಪತ್ರ ಇಲ್ಲದೆ ಓಡಾಟ ತಪ್ಪಿದ್ದಲ್ಲ. ಮರಣಶಯ್ಯೆಯಲ್ಲಿ ಕೊಟ್ಟ ದಾನಕ್ಕೆ ವಸಿಯತ್‌ನ ಮಿತಿಯೇ ಅನ್ವಯ, ಆಸ್ಪತ್ರೆಯ ಮಂಚದ ಪಕ್ಕ ಸಹಿ ಹಾಕಿಸುವ ಕೆಲಸಕ್ಕೆ ಹೋಗಬೇಡಿ. ಒಬ್ಬ ಮಗನಿಗೆ ಎಲ್ಲ ಕೊಟ್ಟು ಉಳಿದವರನ್ನು ಬರಿಗೈ ಮಾಡುವುದು ಕಾನೂನಿಗೆ ಒಪ್ಪಿಗೆ ಆಗಬಹುದು, ಮಕ್ಕಳ ನಡುವೆ ನ್ಯಾಯದಿಂದಿರಿ ಎಂಬ ಪ್ರವಾದಿಯವರ ಎಚ್ಚರಿಕೆಗೆ ಅಲ್ಲ. ಅಂಗಡಿ ಒಬ್ಬನಿಗೆ ಕೊಡುವುದಾದರೆ ಜಾಗ, ಚಿನ್ನ, ಹಣ ಏನಾದರೂ ಉಳಿದವರಿಗೆ ಆಗಲೇ ಕೊಟ್ಟುಬಿಡುವುದು ಲೇಸು.

ವಸಿಯತ್ ಬಗ್ಗೆ ತಪ್ಪು ತಿಳುವಳಿಕೆ ಇನ್ನೂ ಜಾಸ್ತಿ. 'ನನ್ನ ಕಾಲದ ನಂತರ ಅಂಗಡಿ ಚಿಕ್ಕವನಿಗೆ' ಎಂದು ಬರೆದ ಕಾಗದ ಹಿಬಾ ಅಲ್ಲ, ವಸಿಯತ್. ವಾರಸುದಾರನ ಪರವಾಗಿ ಬರೆದ ವಸಿಯತ್‌ಗೆ ಮರಣದ ನಂತರ ಉಳಿದ ವಾರಸುದಾರರು ಒಪ್ಪಬೇಕು, ಒಪ್ಪದಿದ್ದರೆ ಅದು ನಡೆಯದು. ವಾರಸುದಾರರಲ್ಲದವರಿಗೂ ಮೂರನೇ ಒಂದು ಭಾಗದ ತನಕ ಮಾತ್ರ. ಹಾಗಾದರೆ ವಸಿಯತ್ ಯಾತಕ್ಕೆ? ಮಗ ಮೊದಲೇ ತೀರಿಕೊಂಡು ಅವನ ಮಕ್ಕಳು ಇದ್ದಾರೆ ಎಂದುಕೊಳ್ಳಿ. ಇನ್ನೊಬ್ಬ ಮಗ ಬದುಕಿದ್ದರೆ ಆ ಮೊಮ್ಮಕ್ಕಳಿಗೆ ಮೀರಾಸಿಲ್ಲ. ಅಂಗಡಿ ಕಟ್ಟಲು ಹೆಗಲು ಕೊಟ್ಟವನ ಮಕ್ಕಳು ಹೊರಗೆ ನಿಲ್ಲುತ್ತಾರೆ. ಮೂರನೇ ಒಂದರೊಳಗೆ ಅವರಿಗೆ ಬರೆದಿಡುವ ಅವಕಾಶವನ್ನು ನಮ್ಮ ಹಿರಿಯರು ಬಳಸುವುದು ತೀರಾ ಅಪರೂಪ.

ಮಸ್‌ಅಲಾ ಬಿಡಿಸಿಕೊಳ್ಳಲು ಉಸ್ತಾದರನ್ನೂ, ಪತ್ರ ಮಾಡಿಸಲು ವಕೀಲರನ್ನೂ ನೋಡಬೇಕು. ಒಬ್ಬರನ್ನು ನೋಡಿ ಇನ್ನೊಬ್ಬರನ್ನು ಬಿಟ್ಟವರೇ ಆಮೇಲೆ ಇಬ್ಬರ ಬಾಗಿಲಿಗೂ ಅಲೆಯುವುದು.

ಇದಕ್ಕೆಲ್ಲ ಮೊದಲು ಬೇಕಾದದ್ದು ಅಂಗಡಿಯ ನಿಜವಾದ ಬೆಲೆ. ಅದಕ್ಕೆ ಹೊಸ ಕೆಲಸ ಬೇಡ. ವರ್ಷಕ್ಕೊಮ್ಮೆ ಝಕಾತ್‌ಗಾಗಿ ಸರಕು ಎಣಿಸಿ ಬೆಲೆ ಕಟ್ಟುವವರು ಅದೇ ದಿನ ಉದ್ರಿ, ಅಡ್ವಾನ್ಸ್, ಕೊಡಬೇಕಾದ ಬಾಕಿಯನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ಮನೆಯಲ್ಲಿ ಇಬ್ಬರಿಗೆ ತೋರಿಸಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬಾಡಿಗೆಯ ಕೋಣೆ

ಕೇರಳದ 1965ರ ಕಟ್ಟಡ ಬಾಡಿಗೆ ನಿಯಂತ್ರಣ ಕಾಯ್ದೆ ಜಾರಿಯಲ್ಲಿರುವ ಕಡೆ, ತೀರಿಕೊಂಡ ಬಾಡಿಗೆದಾರನ ವಾರಸುದಾರರೂ 'ಬಾಡಿಗೆದಾರ' ಎಂಬ ಅರ್ಥದಲ್ಲಿ ಸೇರುತ್ತಾರೆ. ಉಪ್ಪ ಹೋದರು ಎಂಬ ಒಂದೇ ಕಾರಣಕ್ಕೆ ಕೋಣೆ ಖಾಲಿ ಮಾಡಿ ಎನ್ನಲು ಆಗದು. ಆದರೆ ಅಂಗಡಿಯನ್ನು ಮಾರಿ ಕೋಣೆಯನ್ನೂ ಬೇರೆಯವರಿಗೆ ಬಿಟ್ಟುಕೊಟ್ಟರೆ, ಅಥವಾ ಹೆಸರಿಗೆ ಪಾಲುದಾರ ಎಂದು ಹೊರಗಿನವರನ್ನು ತಂದು ತಾವು ಜಾರಿಕೊಂಡರೆ, ಅದು ಒಳಬಾಡಿಗೆ. ಕಟ್ಟಡದ ಯಜಮಾನರ ಒಪ್ಪಿಗೆ ಇಲ್ಲದ ಒಳಬಾಡಿಗೆ ತೆರವಿಗೆ ಕಾರಣ ಆಗುತ್ತದೆ. ಅಡ್ವಾನ್ಸಿಗೆ ರಶೀದಿ ಇದೆಯಾ ನೋಡಿ. ಇಪ್ಪತ್ತು ವರ್ಷದ ಹಿಂದೆ ಕೈಮೇಲೆ ಕೊಟ್ಟ ಅಡ್ವಾನ್ಸು ಇಬ್ಬರು ಯಜಮಾನರ ಕಾಲ ಮುಗಿದ ಮೇಲೆ ಯಾರ ನೆನಪಲ್ಲೂ ಇರುವುದಿಲ್ಲ. ತಲಪಾಡಿಯಿಂದ ತೆಂಕಕ್ಕೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಕಾಗದದ ಬೆಲೆ ಏನೆಂದು ರಸ್ತೆ ಬದಿಯ ವ್ಯಾಪಾರಿಗಳಿಗೆ ಗೊತ್ತಾಗಿದೆ.

ಜಿಎಸ್‌ಟಿ ಮತ್ತು ಲೈಸೆನ್ಸ್

15 ಅಕ್ಷರದ ಜಿಎಸ್‌ಟಿ ನಂಬರಿನ ಒಳಗೆ ಪಾನ್ ನಂಬರ್ ಕೂತಿದೆ. ಪಾನ್ ಬದಲಾದರೆ ನಂಬರೂ ಬದಲು. ಉಪ್ಪನಿಂದ ಮಗನಿಗೆ, ಅಥವಾ ಒಬ್ಬರ ಮಾಲೀಕತ್ವದಿಂದ ಪಾಲುದಾರಿಕೆಗೆ ಹೋದರೆ ಹೊಸ ನೋಂದಣಿ ಬೇಕು. ಹಳೆಯದರಲ್ಲೇ ಹೆಸರು ತಿದ್ದಲು ಆಗುವುದಿಲ್ಲ. ಕ್ರಮ ಹೀಗೆ: ಮುಂದುವರಿಸುವವರು ಮೊದಲು ತಮ್ಮ ಹೆಸರಲ್ಲಿ ನೋಂದಣಿ ಪಡೆಯಬೇಕು. ಹಳೇ ಖಾತೆಯಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ ಐಟಿಸಿ-02 ಫಾರ್ಮಿನ ಮೂಲಕ ಹೊಸ ನಂಬರಿಗೆ ಬರುತ್ತದೆ, ಇದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಾಸ್ಟ್ ಅಕೌಂಟೆಂಟ್ ಪ್ರಮಾಣಪತ್ರ ಬೇಕು. ಅದಾದ ಮೇಲೆ ಹಳೆಯದನ್ನು ಆರ್‌ಇಜಿ-16ರಲ್ಲಿ ರದ್ದು ಮಾಡಿಸಿ, ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಜಿಎಸ್‌ಟಿಆರ್-10 ಹಾಕುವುದು. ಮಾಲೀಕ ತೀರಿಕೊಂಡಾಗಲೂ ವಾರಸುದಾರರು ಹೀಗೆಯೇ ಮಾಡಬಹುದೆಂದು 2019ರ ಮಾರ್ಚ್‌ನಲ್ಲಿ ಕೇಂದ್ರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ. ಮೊದಲೇ ರದ್ದು ಮಾಡಿಸಿ ಕ್ರೆಡಿಟ್ ಕಳೆದುಕೊಳ್ಳಬೇಡಿ. ಕಾಂಪೊಸಿಷನ್‌ನಲ್ಲಿರುವವರಿಗೆ ಕ್ರೆಡಿಟ್ ಇಲ್ಲದ ಕಾರಣ ಈ ತಲೆಬಿಸಿ ಕಮ್ಮಿ.

ಹಳೇ ತೆರಿಗೆ ಬಾಕಿ ಯಾರ ತಲೆಗೆ? ವ್ಯಾಪಾರ ಮುಂದುವರಿಸುವ ವಾರಸುದಾರ ಹೊಣೆ. ಮುಂದುವರಿಸದೆ ಮುಚ್ಚಿದರೆ ತೀರಿಕೊಂಡವರ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ. ಅಂಗಡಿ ಕೊಂಡುಕೊಳ್ಳುವವರೂ ಇದನ್ನು ಗಮನಿಸಬೇಕು. ಮಾರಿದವರೂ ಕೊಂಡವರೂ ಹಿಂದಿನ ಬಾಕಿಗೆ ಜಂಟಿಯಾಗಿ ಹೊಣೆ.

ಗಡಿಯ ಈಚೆ ಆಚೆ ಎರಡು ಅಂಗಡಿ ಇರುವವರು ಕಮ್ಮಿಯಿಲ್ಲ, ಒಂದು ಮಂಜೇಶ್ವರದಲ್ಲಿ, ಇನ್ನೊಂದು ತೊಕ್ಕೊಟ್ಟಿನಲ್ಲೋ ಮಂಗಳೂರಿನಲ್ಲೋ. ಎರಡು ರಾಜ್ಯ ಅಂದರೆ ಎರಡು ಜಿಎಸ್‌ಟಿ ನಂಬರ್, ಎರಡನ್ನೂ ಬೇರೆ ಬೇರೆಯಾಗಿ ಸರಿಪಡಿಸಬೇಕು. ಬಾಡಿಗೆ ಕಾನೂನು, ಮುದ್ರಾಂಕ ಶುಲ್ಕ ಕೂಡ ಆಯಾ ರಾಜ್ಯದ್ದು.

ಹೋಟೆಲ್, ಬೇಕರಿ, ಮೀನು ಮಾಂಸದ ಅಂಗಡಿಯವರ ಆಹಾರ ಸುರಕ್ಷಾ ಲೈಸೆನ್ಸ್ ಮಾಲೀಕರ ಮರಣದ ನಂತರ 90 ದಿನ ಕುಟುಂಬದವರ ಉಪಯೋಗಕ್ಕೆ ಉಳಿಯುತ್ತದೆ. ಅಷ್ಟರೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಕೊಡಬೇಕು. ಪಂಚಾಯತ್ ಲೈಸೆನ್ಸ್, ತಕ್ಕಡಿಯ ಮುದ್ರೆ ಕಾಗದ ಇವೆಲ್ಲ ಅದರ ಹಿಂದೆಯೇ.

ಮಾರಿ ಹೊರಬರುವುದಾದರೆ

ಮಕ್ಕಳು ಎಂಜಿನಿಯರೋ ನರ್ಸೋ ಆಗಿ ಹೊರಗಿದ್ದಾರೆ, ಅಂಗಡಿ ಯಾರಿಗೂ ಬೇಡ. ಇದು ಈಗ ಸಾಮಾನ್ಯ. ನಿಂತ ಅಂಗಡಿಗಿಂತ ನಡೆಯುವ ಅಂಗಡಿಗೆ ಬೆಲೆ ಹೆಚ್ಚು. ಕೈಕಾಲು ಗಟ್ಟಿ ಇರುವಾಗ, ಗಿರಾಕಿ ಬರುತ್ತಿರುವಾಗ ಮಾರಿದರೆ ಗುಡ್‌ವಿಲ್ ಸಿಗುತ್ತದೆ. ಆರೋಗ್ಯ ಕೆಟ್ಟು ಆರು ತಿಂಗಳು ಶಟರ್ ಎಳೆದ ಮೇಲೆ ಸಿಗುವುದು ರ‍್ಯಾಕಿನ ಗುಜರಿ ಬೆಲೆ. ಬಾಕಿ, ಸಾಲ ಸಮೇತ ವ್ಯಾಪಾರವನ್ನು ನಡೆಯುತ್ತಿರುವಂತೆಯೇ ಪೂರ್ತಿಯಾಗಿ ಹಸ್ತಾಂತರಿಸಿದರೆ ಆ ವರ್ಗಾವಣೆಗೆ ಜಿಎಸ್‌ಟಿ ವಿನಾಯಿತಿ ಇದೆ. ಸರಕನ್ನು ಬಿಡಿ ಬಿಡಿಯಾಗಿ ಮಾರಿದರೆ ಇಲ್ಲ. ಗುಡ್‌ವಿಲ್ ಹಣಕ್ಕೂ ಆದಾಯ ತೆರಿಗೆಯ ಲೆಕ್ಕ ಉಂಟು. ಒಂದೇ ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಬ್ಯಾಂಕ್ ಮೂಲಕವೇ ಬರಲಿ.

ಕೊಂಡುಕೊಳ್ಳುವವರು 'ಪಕ್ಕದಲ್ಲೇ ಮತ್ತೊಂದು ಅಂಗಡಿ ಹಾಕಬಾರದು' ಎಂಬ ಕರಾರು ಕೇಳುತ್ತಾರೆ. ಸಾಮಾನ್ಯವಾಗಿ ವ್ಯಾಪಾರ ತಡೆಯುವ ಕರಾರು ನಿಲ್ಲುವುದಿಲ್ಲ. ಗುಡ್‌ವಿಲ್ ಮಾರಿದಾಗ ಮಾತ್ರ, ಇಂತಿಷ್ಟು ಪ್ರದೇಶ ಎಂಬ ನ್ಯಾಯವಾದ ಮಿತಿಯಲ್ಲಿ, ಕಾನೂನು ಒಪ್ಪುತ್ತದೆ.

ಇಪ್ಪತ್ತು ವರ್ಷ ಜೊತೆಗಿದ್ದ ಕೆಲಸದವನಿಗೇ ಅಂಗಡಿ ಬಿಟ್ಟುಕೊಡುವುದು ಇನ್ನೊಂದು ದಾರಿ. ಗಿರಾಕಿ, ಉದ್ರಿ, ಸರಕು ಎಲ್ಲ ಅವನಿಗೆ ಗೊತ್ತು. ಪೂರ್ತಿ ಹಣ ಒಮ್ಮೆಲೇ ಅವನಲ್ಲಿ ಇರುವುದಿಲ್ಲ, ಕಂತು ಮಾಡಬೇಕು. ಕಂತು ಮುಗಿಯುವ ಮುಂಚೆ ಯಜಮಾನ ಹೋದರೆ ಉಳಿದ ಕಂತು ಯಾರಿಗೆ ಕೊಡಬೇಕು ಎಂದು ಪತ್ರದಲ್ಲೇ ಇರಲಿ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಯಾದರೆ ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿ ಕೂಡ ಬಾಕಿಯ ಪಟ್ಟಿಗೆ ಸೇರುತ್ತದೆ.

ಮರಣದ ನಂತರದ ಕಾಗದ

ಮರಣದ ನೋಂದಣಿ 21 ದಿನದೊಳಗೆ ಆಗಬೇಕು, ಅದೂ ಮರಣ ಆದ ಸ್ಥಳದಲ್ಲಿ. ಮಂಜೇಶ್ವರದವರು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಪ್ರಮಾಣಪತ್ರ ಕರ್ನಾಟಕದ್ದು, ವಾರಸುದಾರರ ಪ್ರಮಾಣಪತ್ರ ಕೇರಳದ ತಹಶೀಲ್ದಾರರದ್ದು. ಎರಡರಲ್ಲೂ ಹೆಸರು ಒಂದೇ ರೀತಿ ಇರಬೇಕು. ಆಧಾರಿನಲ್ಲಿ ಮಹಮ್ಮದ್, ಪಾಸ್‌ಪೋರ್ಟಿನಲ್ಲಿ ಮೊಹಮ್ಮದ್, ಜಾಗದ ಪತ್ರದಲ್ಲಿ ಮನೆ ಹೆಸರು ಮಾತ್ರ, ಇದು ನಮ್ಮಲ್ಲಿ ಎಲ್ಲ ಮನೆಯ ಕಥೆ. ಬದುಕಿರುವಾಗ ಅವರೇ ಹೋಗಿ ತಿದ್ದಿಸಿಕೊಳ್ಳುವುದು ಒಂದು ದಿನದ ಕೆಲಸ. ಆಮೇಲೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರಕ್ಕೆ ವಿಲ್ಲೇಜ್ ಆಫೀಸಿಗೆ ಅಲೆಯಬೇಕು. ಮಲಯಾಳ ಓದಲು ಬಾರದ ಹಿರಿಯರು ಹೆದರಬೇಕಾಗಿಲ್ಲ: ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ.

ಉಪ್ಪ ಮಗನಿಗೆ ಕೊಟ್ಟ ಪವರ್ ಆಫ್ ಅಟಾರ್ನಿ ಉಪ್ಪನ ಮರಣದೊಂದಿಗೆ ಮುಗಿಯಿತು. ಸಹಿ ಹಾಕಿಟ್ಟ ಖಾಲಿ ಚೆಕ್ ಆಮೇಲೆ ಬಳಸಿದರೆ ಕೇಸಿಗೆ ದಾರಿ. ಗಲ್ಫ್‌ನಲ್ಲಿರುವ ವಾರಸುದಾರರು ತಮ್ಮ ಪರವಾಗಿ ಪವರ್ ಕಳಿಸುವುದಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಬ್ಯಾಂಕ್ ಖಾತೆಗೆ ಈಗ ನಾಲ್ಕು ಜನರ ತನಕ ನಾಮಿನಿ ಇಡಬಹುದು, 2025ರ ನವೆಂಬರ್ 1ರಿಂದ. ಅಂಗಡಿಯ ಕರೆಂಟ್ ಖಾತೆಗೂ ನಾಮಿನಿ ಇದೆಯಾ ಎಂದು ಕೇಳಿ ನೋಡಿ, ಹೆಚ್ಚಿನವರು ಮನೆ ಖಾತೆಗೆ ಮಾತ್ರ ಇಟ್ಟಿರುತ್ತಾರೆ. ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ಹಂಚುವವರು. ಹಣ ಅವರದ್ದೇ ಎಂದಲ್ಲ.

ಇನ್ನು ಉದ್ರಿ ಪುಸ್ತಕ. ತೀರಿಕೊಂಡವರಿಗೆ ಬರಬೇಕಾದ ಬಾಕಿಗೆ ದಾವೆ ಹಾಕಿ ತೀರ್ಪು ಪಡೆಯಬೇಕಾದರೆ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗುತ್ತದೆ. ತಹಶೀಲ್ದಾರರ ಕಾಗದ ಸಾಲದು. ಸಣ್ಣ ಮೊತ್ತಕ್ಕೆ ಅಷ್ಟು ದೂರ ಯಾರೂ ಹೋಗುವುದಿಲ್ಲ, ಮಾತಿನಲ್ಲೇ ವಸೂಲಾಗಬೇಕು. ದೊಡ್ಡ ಬಾಕಿ ಇರುವ ಕಂಟ್ರಾಕ್ಟರ್, ಹೋಟೆಲ್‌ನವರಿಂದ ವರ್ಷಕ್ಕೊಮ್ಮೆ ಬಾಕಿ ಮೊತ್ತಕ್ಕೆ ಸಹಿ ಹಾಕಿಸಿಟ್ಟುಕೊಳ್ಳಿ. ಮೂರು ವರ್ಷ ದಾಟಿದ ಬಾಕಿಗೆ ಸಾಮಾನ್ಯವಾಗಿ ದಾವೆ ನಡೆಯದು. ಆ ಅವಧಿಯೊಳಗೆ ಅವರು ಬರೆದು ಒಪ್ಪಿ ಸಹಿ ಹಾಕಿದ್ದರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ.